ಗೆಳೆಯನಿಗೊಂದು ಪತ್ರ: ಲಮಾರ್ ಹಂಟ್ ಎಂಬ ಹಠಮಾರಿ ಮಾಲೀಕ

ಪ್ರಿಯ ಗೆಳೆಯಾ,

ಅಮೆರಿಕದಲ್ಲಿ ಸಾಕರ್ ಬೆಳೆದದ್ದು ಮೆಸ್ಸಿಯಿಂದ ಅಂತ ಬರೆದಿದ್ದೀಯಲ್ಲ, ನಾನು ಒಪ್ಪುವುದಿಲ್ಲ ಮಾರಾಯ. ಮೆಸ್ಸಿ ಸೇರಿದ 2023ರಲ್ಲೇ ಮಯಾಮಿ ತಂಡ ಅಲ್ಲಿನ ಸಾಕರ್ ಟೂರ್ನಿ ಯು.ಎಸ್. ಓಪನ್ ಕಪ್‌ನ ಫೈನಲ್‌ನಲ್ಲಿ ಹ್ಯೂಸ್ಟನ್ ತಂಡಕ್ಕೆ ಸೋತಿತು, ನೆನಪಿದೆಯಾ? 1914ರಿಂದ ಇರುವ ಆ ಟೂರ್ನಿಗೆ 1999ರಲ್ಲಿ ಲಮಾರ್ ಹಂಟ್‌ನ ಹೆಸರನ್ನು ಇಟ್ಟರು. ಹಂಟ್ ಆಟಗಾರನಲ್ಲ, ಕೋಚ್ ಕೂಡ ಅಲ್ಲ. ತಂಡಗಳ ಮಾಲೀಕ.

ಟೆಕ್ಸಾಸ್‌ನ ಎಣ್ಣೆ ದೊರೆಯ ಮಗ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಈತನದೇ. ಅಷ್ಟಕ್ಕೇ ಆರಾಮಾಗಿ ಇರಬಹುದಿತ್ತು. ಆದರೆ 1967ರಲ್ಲಿ ಡಲ್ಲಾಸ್ ಟೊರ್ನಾಡೊ ಅಂತ ಸಾಕರ್ ತಂಡ ಕಟ್ಟಿದ. ಮರುವರ್ಷ ನಾರ್ತ್ ಅಮೆರಿಕನ್ ಸಾಕರ್ ಲೀಗ್‌ನಲ್ಲಿ 32 ಪಂದ್ಯ ಆಡಿ ಆ ತಂಡ ಗೆದ್ದದ್ದು ಎರಡೇ ಎರಡು! 1968ರಲ್ಲಿ 17 ತಂಡಗಳಿದ್ದ ಲೀಗ್, 1969ಕ್ಕೆ ಐದಕ್ಕೆ ಇಳಿಯಿತು. ಉಳಿದ ಮಾಲೀಕರು ಕೈ ಸುಟ್ಟುಕೊಂಡು ಹೊರಟರು. ಹಂಟ್ ಹೋಗಲಿಲ್ಲ. 1971ರಲ್ಲಿ ಅದೇ ಟೊರ್ನಾಡೊ ಚಾಂಪಿಯನ್ ಆಯಿತು. ಸೆಮಿಫೈನಲ್‌ನಲ್ಲಿ ರೋಚೆಸ್ಟರ್ ವಿರುದ್ಧದ ಒಂದು ಪಂದ್ಯ 176 ನಿಮಿಷ ನಡೆದಿತ್ತು. ಅದರಲ್ಲಿ ಸೋತೂ ಸರಣಿ ಗೆದ್ದರು.

ಆಮೇಲೆ ಪೆಲೆ ಬಂದ, ಜನ ಮುಗಿಬಿದ್ದರು, ದುಡ್ಡು ನೀರಾಗಿ ಹರಿಯಿತು. 1984ರ ಸೀಸನ್‌ಗೆ ಆ ಲೀಗೇ ಮುಗಿದುಹೋಯಿತು. ತಾರೆಯರಿಂದಲೇ ಆಟ ಉಳಿಯುತ್ತದೆ ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು, ಅಲ್ವಾ?

1996ರಲ್ಲಿ ಎಂಎಲ್‌ಎಸ್ (ಮೇಜರ್ ಲೀಗ್ ಸಾಕರ್) ಎಂಬ ಹೊಸ ಲೀಗ್ ಶುರುವಾದಾಗ ಹಂಟ್ ಮತ್ತೆ ಹಾಜರ್. ಕೊಲಂಬಸ್ ಕ್ರೂ, ಕ್ಯಾನ್ಸಸ್ ಸಿಟಿ ಎರಡೂ ಅವನ ತಂಡಗಳೇ. ಆಗ ಬಹುತೇಕ ತಂಡಗಳದ್ದು ಬಾಡಿಗೆ ಮನೆಯ ಪಾಡು. ಆಡುವುದು ಅಮೆರಿಕನ್ ಫುಟ್‌ಬಾಲ್‌ನಂಥ ಬೇರೆ ಆಟದ ದೈತ್ಯ ಸ್ಟೇಡಿಯಂನಲ್ಲಿ. ತಾರೀಖು ಸಿಗುವುದು ಆ ಆಟದವರದ್ದು ಮುಗಿದ ಮೇಲೆ. ಪಾರ್ಕಿಂಗ್, ತಿಂಡಿ ಅಂಗಡಿಯ ಗಳಿಕೆಯಲ್ಲೂ ಸ್ಟೇಡಿಯಂನವರದ್ದೇ ದೊಡ್ಡ ಪಾಲು. ಕೊಲಂಬಸ್‌ನಲ್ಲಂತೂ ಇಪ್ಪತ್ತು ಸಾವಿರ ಜನ ಬಂದರೂ ತಂಡ ಆಡುತ್ತಿದ್ದ ಯೂನಿವರ್ಸಿಟಿ ಸ್ಟೇಡಿಯಂ ಖಾಲಿ ಹೊಡೆಯುತ್ತಿತ್ತು.

ಅಲ್ಲಿ ಹೊಸ ಸ್ಟೇಡಿಯಂಗೆ ತೆರಿಗೆ ಹಣ ಕೊಡಲು ಮತದಾರರು ಒಪ್ಪಲಿಲ್ಲ. ಹಂಟ್ ಸ್ವಂತ ದುಡ್ಡು ಹಾಕಿ, ಸುಮಾರು 2.85 ಕೋಟಿ ಡಾಲರ್‌ನಲ್ಲಿ, ಸಾಕರ್‌ಗೆಂದೇ ಒಂದನ್ನು ಕಟ್ಟಿಸಿದ. 1999ರ ಮೇನಲ್ಲಿ ಶುರುವಾಯಿತು. ಎಂಎಲ್‌ಎಸ್‌ನಲ್ಲಿ ಅದೇ ಮೊದಲು. ನೋಡೋಕೆ ಏನೂ ಇರಲಿಲ್ಲ ಬಿಡು, ಸೂರಿಲ್ಲದ ಬೋಳು ಗ್ಯಾಲರಿ. ಆದರೆ 2001, 2005, 2009, 2013, ಈ ನಾಲ್ಕೂ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಅಮೆರಿಕ ಮೆಕ್ಸಿಕೊವನ್ನು 2-0ಯಿಂದ ಸೋಲಿಸಿದ್ದು ಅಲ್ಲೇ. ಹಂಟ್‌ನ ಸ್ಟೇಡಿಯಂ ನೋಡಿ ಉಳಿದ ಮಾಲೀಕರೂ ಸ್ವಂತದ್ದು ಕಟ್ಟತೊಡಗಿದರು. ಹಂಟ್ ಬಿಟ್ಟುಹೋದ ದೊಡ್ಡ ಆಸ್ತಿ ಇದೇ ಅಂತ ನನ್ನ ಲೆಕ್ಕ. ಕಪ್‌ಗೆ ಹೆಸರು ಯಾರಿಗಾದರೂ ಇಡಬಹುದು.

2002ರ ಹೊತ್ತಿಗೆ ಎರಡು ತಂಡ ಮುಚ್ಚಿ, ಎಂಎಲ್‌ಎಸ್ ಹತ್ತು ತಂಡಕ್ಕೆ ಇಳಿಯಿತು. ಆಗ ಅದನ್ನು ಹೊತ್ತು ನಿಂತವರು ಹಂಟ್, ಆನ್‌ಶುಟ್ಸ್, ಕ್ರಾಫ್ಟ್, ಈ ಮೂವರು ಮಾಲೀಕರು. ಮರುವರ್ಷ ಹಂಟ್ ಎಂಎಲ್‌ಎಸ್‌ನ ಡಲ್ಲಾಸ್ ತಂಡವನ್ನೂ ಕೊಂಡ. 2005ರಲ್ಲಿ ಡಲ್ಲಾಸ್ ಹತ್ತಿರದ ಫ್ರಿಸ್ಕೊದಲ್ಲಿ ಅದಕ್ಕೊಂದು ಸ್ಟೇಡಿಯಂ ಆಯಿತು. ಸುತ್ತ ಊರಿನ ಮಕ್ಕಳು ಆಡಲು ಹದಿನೇಳು ಮೈದಾನ ಬೇರೆ. ಈಗ ಲೀಗ್‌ನಲ್ಲಿ 30 ತಂಡಗಳಿವೆ.

ಹಂಟ್ ತೀರಿಕೊಂಡದ್ದು 2006ರ ಡಿಸೆಂಬರ್‌ನಲ್ಲಿ. ಇಂಗ್ಲೆಂಡಿನ ತಾರೆ ಬೆಕ್‌ಹ್ಯಾಮ್ ಆಡಲು ಅಮೆರಿಕಕ್ಕೆ ಬರುತ್ತಾನೆಂಬ ಸುದ್ದಿ ಹೊರಬಿದ್ದದ್ದು ಮರುತಿಂಗಳು. ಇನ್ನು ನಿನ್ನ ಮೆಸ್ಸಿ ವಾದ ಮುಂದಿಡು, ಕೇಳುತ್ತೇನೆ.

ಇಂತಿ ನಿನ್ನ ಗೆಳೆಯ