ಚಾರ್ಮಾಡಿ ಸುತ್ತಿ ಕೊಡಗಿಗೆ: ಜ್ವರದಲ್ಲಿ ಮಲಗಿರುವ ಗೆಳೆಯನಿಗೊಂದು ಪತ್ರ

ಕುಶಾಲನಗರ
2018 ಆಗಸ್ಟ್ 20, ಸೋಮವಾರ, ಬೆಳಿಗ್ಗೆ ಐದೂವರೆ

ಪ್ರೀತಿಯ ಗೆಳೆಯಾ,

ಜ್ವರ ಬಿಟ್ಟಿತಾ? ಬಿಟ್ಟಿದ್ದರೂ ಗಂಜಿಯಲ್ಲೇ ಇರು. ಟೈಫಾಯ್ಡ್ ಇಳಿದ ಹಾಗೆ ಮಾಡಿ ಮತ್ತೆ ಬರುತ್ತದೆ ಮಾರಾಯ. ಕೊಡಗಿನ ನೆರೆ ಸಂತ್ರಸ್ತರಿಗೆ ಸಾಮಾನು ಹೊತ್ತು ಹೊರಟ ನಾವು ಹನ್ನೊಂದು ಜನರೂ ಬಂದು ಮುಟ್ಟಿದೆವು. ಪುತ್ತೂರಿನಿಂದ ಇಲ್ಲಿಗೆ ಬರೋಬ್ಬರಿ ಹದಿನೈದೂವರೆ ಗಂಟೆ! ಉಳಿದವರು ಇನ್ನೂ ಗೊರಕೆ ಹೊಡೆಯುತ್ತಿದ್ದಾರೆ. ನನಗೆ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಕಾಗದದಲ್ಲಿ ಬರೆದು, ಆಮೇಲೆ ಯಾರದ್ದಾದರೂ ಫೋನಿನಲ್ಲಿ ಫೋಟೊ ಹೊಡೆದು ಕಳಿಸುತ್ತೇನೆ.

ಮೊದಲು ನಿನಗೊಂದು ಬೈಗುಳ. ನಲವತ್ತೆರಡು ಬಾಕ್ಸಿಗೂ ಕೂತು ನಂಬರ್ ಬರೆದೆ, ಯಾವುದರಲ್ಲಿ ಏನಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ಎಲ್ಲ ಸರಿ. ಆದರೆ ಸ್ಕೆಚ್ ಪೆನ್ನಿನಲ್ಲಿ ಬರೆಯುವುದಾ? ಆಗಸ್ಟ್ ತಿಂಗಳಲ್ಲಿ? ಇದರ ಕಥೆ ಮುಂದೆ ಬರುತ್ತದೆ.

ಐದು ಗಂಟೆಗೆ ಹೊರಡುವುದು ಅಂತ ಇತ್ತಲ್ವಾ? ಐದಕ್ಕೆ ಎಲ್ಲರೂ ಬಂದಿದ್ದರು. ಪಿಕಪ್ ಮಾತ್ರ ಏಳಲಿಲ್ಲ. ಹಿಂದಿನ ರಾತ್ರಿ ಲೋಡ್ ಮಾಡುವಾಗ ಬೆಳಕಿಗೆ ಅಂತ ಹೆಡ್‌ಲೈಟ್ ಹಾಕಿದ್ದು ನಾವೇ, ಆರಿಸಲು ಮರೆತದ್ದೂ ನಾವೇ. ಬ್ಯಾಟರಿ ಪೂರ್ತಿ ಇಳಿದಿತ್ತು. ಧೋ ಎನ್ನುವ ಮಳೆಯಲ್ಲಿ ಎಂಟು ಜನ ಸೇರಿ ದೂಡಿದೆವು. ಅದು ಹತ್ತಡಿ ಹೋಗಿ ಚರಂಡಿಗೆ ಮುಖ ಮಾಡಿ ನಿಂತಿತು. ಮೆಕ್ಯಾನಿಕ್ ಬಂದು, ಚಾ ಕುಡಿದು, ಬೇರೆ ಬ್ಯಾಟರಿಗೆ ವಯರ್ ಕೊಟ್ಟು ಸ್ಟಾರ್ಟ್ ಮಾಡುವಾಗ ಏಳು ಗಂಟೆ ದಾಟಿತ್ತು.

ಸಂಪಾಜೆ ಘಾಟಿ ಮೇಲೆ ಬಂದಿದ್ದರೆ ಮಡಿಕೇರಿಗೆ 90 ಕಿಲೋಮೀಟರ್, ಅಲ್ಲಿಂದ ಇಲ್ಲಿಗೆ ಇನ್ನೊಂದು 30. ಬೆಳಗಿನ ತಿಂಡಿಗೆ ಇಲ್ಲಿರಬಹುದಿತ್ತು. ಆದರೆ ಮೊನ್ನೆ ಜೋಡುಪಾಲದಲ್ಲಿ ಗುಡ್ಡವೇ ಇಳಿದು ಬಂದ ಮೇಲೆ ಆ ರಸ್ತೆಯ ಮಾತೇ ಇಲ್ಲ. ಶಿರಾಡಿ ಘಾಟಿ ಬಂದ್. ರೈಲು ಅಂದರೆ ಸುಬ್ರಹ್ಮಣ್ಯ, ಸಕಲೇಶಪುರದ ನಡುವೆ ಹಳಿಯ ಮೇಲೆ ಮಣ್ಣು. ಉಳಿದದ್ದು ಚಾರ್ಮಾಡಿ ಘಾಟಿ. ಗುಡ್ಡದಾಚೆಯ ನೆರೆಮನೆಗೆ ಹೋಗಲು ಹಾಸನ ಸುತ್ತಿ 250 ಕಿಲೋಮೀಟರ್! ಕಲ್ಲುಗುಂಡಿ, ಅರಂತೋಡಿನ ಶಿಬಿರಗಳಿಗೇ ಹೋಗಬಹುದಿತ್ತಲ್ಲ ಅಂತ ನೀನು ಕೇಳಬಹುದು. ಈಚೆ ಇಳಿದು ಬಂದವರನ್ನು ಸುಳ್ಯದ ಕಡೆಯವರೇ ನೋಡಿಕೊಳ್ಳುತ್ತಿದ್ದಾರೆ. ಆಚೆ ಕುಶಾಲನಗರದಲ್ಲಿ ಕಾವೇರಿ ಮನೆಯೊಳಗೆ ಬಂದು ಹೋಗಿದ್ದಾಳೆ. ಅಲ್ಲಿ ಬೇಕಾದ್ದು ಕೆಸರು ತೆಗೆಯುವ ಕೈ, ಬಾವಿ ತೊಳೆಯುವವರು. ಹಾಗಾಗಿ ಹಾರೆ, ಪಿಕ್ಕಾಸು, ಪಂಪು ಸಮೇತ ಹೊರಟದ್ದು.

ಬ್ಲೀಚಿಂಗ್ ಪೌಡರ್ ಗೋಣಿಯನ್ನು ಪಿಕಪ್ಪಿಗೆ ಹಾಕಲು ಇನ್ಸ್‌ಪೆಕ್ಟ್ರು ಬಿಡಲಿಲ್ಲ. ನಿನಗೆ ಗೊತ್ತಲ್ಲ, ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆಗಿ ಒಂಬತ್ತು ವರ್ಷವಾದರೂ ಅವರ ಇನ್ಸ್‌ಪೆಕ್ಷನ್ ನಿಂತಿಲ್ಲ. "ಒದ್ದೆ ಆದರೆ ಅದು ಬರೀ ಸುಣ್ಣ" ಅಂತ ಹೇಳಿ 25 ಕೆಜಿ ಗೋಣಿಯನ್ನು ನಮ್ಮ ಟೆಂಪೊ ಟ್ರಾವೆಲರಿನೊಳಗೆ, ತಮ್ಮ ಪಕ್ಕದ ಸೀಟಿನಲ್ಲಿ ಕೂರಿಸಿದರು. ಮದುಮಗಳನ್ನು ಕೂರಿಸಿದ ಹಾಗೆ. ಮಳೆಗೆ ಕಿಟಕಿ ತೆಗೆಯುವ ಹಾಗಿಲ್ಲ. ಉಪ್ಪಿನಂಗಡಿಯ ಸಂಗಮದಲ್ಲಿ ಎರಡೂ ಹೊಳೆ ಕೆಂಪಗೆ ತುಂಬಿ ಹರಿಯುವುದನ್ನು ನಾವೆಲ್ಲ ಕಣ್ಣೀರು ಹಾಕುತ್ತಾ ನೋಡಿದೆವು. ಭಕ್ತಿಯಿಂದ ಅಲ್ಲ, ಪೌಡರಿನ ಘಾಟಿಗೆ.

ಇನ್ನು ನನ್ನ ತಪ್ಪಿನ ವಿಷಯ. ಬ್ಯಾನರ್. ಬೇಡ ಅಂತ ನೀನು ಹೇಳಿದ್ದೆ. ಗಾಡಿಯ ಎದುರಿಗೆ "ಕೊಡಗಿನ ಸಂತ್ರಸ್ತರಿಗೆ ನೆರವು" ಅಂತ ಇದ್ದರೆ ಪೊಲೀಸರು ಬೇಗ ಬಿಡುತ್ತಾರೆ ಅಂತ ಹೊರಗೆ ಹೇಳಿದ್ದು. ಒಳಗೆ ಇದ್ದದ್ದು ಫೋಟೊದ ಆಸೆ, ಅದು ನಿನಗೂ ಗೊತ್ತು. ಪಿಕಪ್ಪಿನ ಮೂತಿಗೆ ಅಡ್ಡಲಾಗಿ ಬಿಗಿದು ಕಟ್ಟಿದೆ. ಘಾಟಿ ಹತ್ತುವಾಗ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಬಾನೆಟ್ಟಿನಿಂದ ಹಬೆ. ಡ್ರೈವರಣ್ಣ ಇಳಿದು ನೋಡಿದ. ಬ್ಯಾನರ್ ನೋಡಿದ. ನನ್ನನ್ನು ನೋಡಿದ. "ಅಣ್ಣಾ, ಇದರ ಮೂಗು ಮುಚ್ಚಿ ಗುಡ್ಡ ಹತ್ತು ಅಂದರೆ ಹೇಗೆ ಹತ್ತುತ್ತದೆ?" ರೇಡಿಯೇಟರಿಗೆ ಗಾಳಿಯೇ ಇಲ್ಲ. ಬ್ಯಾನರ್ ಬಿಚ್ಚಿ, ಎಂಜಿನ್ ತಣಿಯಲಿ ಅಂತ ಅರ್ಧ ಗಂಟೆ ನಿಂತೆವು. ಪಕ್ಕದಲ್ಲೇ ಬಂಡೆ ಮೇಲಿಂದ ನೀರು ಧುಮುಕುತ್ತಿತ್ತು. ಬೇರೆ ದಿನ ಆಗಿದ್ದರೆ ಅದರದ್ದೇ ಹತ್ತು ಫೋಟೊ ತೆಗೆಯುತ್ತಿದ್ದೆ.

ಆ ಅರ್ಧ ಗಂಟೆ ನಿಂತದ್ದಕ್ಕೇ ಜಾಮಿನಲ್ಲಿ ಸಿಕ್ಕಿಬಿದ್ದೆವು. ಮೇಲೆ ಮರ ಬಿದ್ದಿತ್ತು, ಮರದ ಜೊತೆ ಮಣ್ಣು. ಜೆಸಿಬಿ ಬರಬೇಕು ಅಂದರೆ ಅದಕ್ಕೂ ಇದೇ ರಸ್ತೆ. ಹಿಂದೆ ಮುಂದೆ ಕಣ್ಣಿಗೆ ಕಾಣುವಷ್ಟು ದೂರ ಗಾಡಿ. ಮಂಜು, ಮಳೆ, ನೆಟ್‌ವರ್ಕ್ ಇಲ್ಲ. ಮೂರೂವರೆ ಗಂಟೆ! ಡ್ರೈವರಣ್ಣ ಘಾಟಿಯ ಅಣ್ಣಪ್ಪ ಸ್ವಾಮಿ ಗುಡಿಗೆ ಹತ್ತು ರೂಪಾಯಿ ಹಾಕಿಯೇ ಬಂದಿದ್ದ. "ಕಡಿಮೆ ಆಯಿತೋ ಏನೋ" ಅಂತ ಅವನಿಗೆ ಚಿಂತೆ.

ಇನ್ಸ್‌ಪೆಕ್ಟ್ರಿಗೆ ಇದಕ್ಕಿಂತ ಒಳ್ಳೆಯ ಕ್ಲಾಸ್‌ರೂಮ್ ಸಿಗಲಿಕ್ಕಿಲ್ಲ, ಯಾರೂ ಓಡುವ ಹಾಗಿಲ್ಲವಲ್ಲ. ಕಿಟಕಿ ಗಾಜಿನ ಹಬೆಯ ಮೇಲೆ ಬೆರಳಲ್ಲಿ ಬಾವಿ ಬರೆದರು. ಬಾವಿಯ ಅಗಲ ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಬೇಕು. ಮತ್ತೆ ನೀರಿನ ಆಳದಿಂದ, ಆಮೇಲೆ 785ರಿಂದ ಗುಣಿಸಿದರೆ ಎಷ್ಟು ಲೀಟರ್ ಅಂತ ಬರುತ್ತದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪೌಡರ್. ಎರಡು ಮೀಟರ್ ಅಗಲ, ಐದು ಮೀಟರ್ ನೀರು ಅಂದರೆ 15,700 ಲೀಟರ್, ಪೌಡರ್ ನಲವತ್ತು ಗ್ರಾಂ. ನಲವತ್ತೇ ಗ್ರಾಂ! "ಹಾಗಾದರೆ ಈ ಗೋಣಿ ಆರುನೂರು ಬಾವಿಗೆ ಸಾಕಲ್ಲ ಸಾರ್, ಅರ್ಧ ಇಲ್ಲೇ ಇಳಿಸುವನಾ?" ಅಂತ ಹಿಂದಿನಿಂದ ಯಾರೋ ಕೇಳಿದರು. ಬೈಸಿಕೊಂಡರು. ಅದು ಮಾಮೂಲಿ ದಿನದ ಲೆಕ್ಕವಂತೆ. ನೆರೆ ನುಗ್ಗಿದ ಬಾವಿಯಲ್ಲಿ ಮೊದಲು ಕೆಸರು ನೀರೆಲ್ಲ ಎತ್ತಿ ಹಾಕಬೇಕು, ಆಮೇಲೆ ಡೋಸೂ ಜಾಸ್ತಿ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಪೌಡರನ್ನು ಹಾಗೇ ಬಾವಿಗೆ ಸುರಿಯಬಾರದು. ಬಕೆಟಿನಲ್ಲಿ ಕಲಸಿ ಬಿಟ್ಟರೆ ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಬಾವಿಗೆ. ಕೊಡ ಇಳಿಸಿ ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಬೇಕು, ಒಂದು ಗಂಟೆ ನೀರು ಮುಟ್ಟಬಾರದು. ನಮ್ಮ ಮನೆ ಬಾವಿಗೆ ಅಪ್ಪ ವರ್ಷವರ್ಷ ಸುಮ್ನೆ ಹಿಡಿಗಟ್ಟಲೆ ಸುರಿಯುತ್ತಿದ್ದದ್ದು ನೆನಪಾಯಿತು.

ನಮ್ಮ ಮುಂದೆ ಒಂದು ಬಸ್ಸು ಇತ್ತು, ಧರ್ಮಸ್ಥಳಕ್ಕೆ ಹೋಗಿ ವಾಪಸು ಹೋಗುವವರು. ಅದರಲ್ಲಿ ಪುಟ್ಟ ಮಕ್ಕಳು ಹತ್ತಾದರೂ ಇದ್ದರು. ಎರಡು ಗಂಟೆ ಕಳೆಯುವಾಗ ಒಂದು ಅಳಲು ಶುರು ಮಾಡಿತು, ಉಳಿದವು ದನಿಗೂಡಿಸಿದವು. ಒಬ್ಬರು ಅಮ್ಮ ಇಳಿದು ಬಂದು ಸಂಕೋಚದಿಂದ ಕೇಳಿದರು: "ಅಣ್ಣಾ, ಬಿಸ್ಕೆಟ್ ಏನಾದ್ರೂ ಐತಾ?" ಇದೆಯಲ್ಲ, ಬೇಕಾದಷ್ಟು. ಎರಡು ಬಾಕ್ಸ್. ಯಾವ ಎರಡು?

ಟರ್ಪಾಲು ಎತ್ತಿದೆ. ಮಾರಾಯ, ನಿನ್ನ ನಂಬರುಗಳು ಎಲ್ಲವೂ ಕರಗಿ ಹೊಳೆಯಾಗಿ ಹರಿದಿದ್ದವು. ಟರ್ಪಾಲಿನಲ್ಲಿ ಒಂದು ತೂತು, ಅದರ ಕೆಳಗೆ ನೀಲಿ, ಹಸಿರು ನೀರು. ಒಂದು ಬಾಕ್ಸಿನ ಮೇಲೆ 1 ಉಳಿದಿತ್ತು. ಅದು ಬರೀ 1ಆ, 11ಆ, 31ಆ, ದೇವರಿಗೇ ಗೊತ್ತು. ಮಳೆಯಲ್ಲಿ ನಿಂತು ಬಿಚ್ಚುತ್ತಾ ಹೋದೆ. ಮೊದಲನೆಯದರಲ್ಲಿ ಬೆಂಕಿಪೊಟ್ಟಣ, ಮೇಣದ ಬತ್ತಿ. ಎರಡನೆಯದರಲ್ಲಿ ಪಾತ್ರೆ. ಮೂರನೆಯದರಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಮದುವೆ ಕೋಟು, ಟೈ ಸಮೇತ. ಇದನ್ನು ಒಳಗೆ ಹಾಕಿದ್ದು ಯಾರು? ನೀನಾ? ಐದನೆಯದರಲ್ಲಿ ಬಿಸ್ಕೆಟ್ ಸಿಕ್ಕಿತು. ಇಪ್ಪತ್ತು ಪ್ಯಾಕೆಟ್ ಹಂಚಿದೆವು. ಸಂತ್ರಸ್ತರ ಪಾಲನ್ನು ದಾರಿಯಲ್ಲಿ ಕೊಟ್ಟದ್ದು ಸರಿಯಾ ಅಂತ ನಮ್ಮೊಳಗೇ ಸಣ್ಣ ವಾದವಾಯಿತು. ನನಗೇನೂ ತಪ್ಪು ಕಾಣಲಿಲ್ಲ. ಲೆಕ್ಕದಲ್ಲಿ ಬರೆದುಕೋ, ಇಪ್ಪತ್ತು ಕಡಿಮೆ. ಬ್ಯಾನರ್ ಕೂಡ ಉಪಯೋಗಕ್ಕೆ ಬಂತು. ಟರ್ಪಾಲಿನ ತೂತಿನ ಮೇಲೆ ಹೊದೆಸಿ ಕಟ್ಟಿದೆವು, ಅಕ್ಷರ ಆಕಾಶಕ್ಕೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದದ್ದು ಮಧ್ಯಾಹ್ನ ಎರಡೂವರೆಗೆ. ನಾನು ಎಂಟು ತಿಂದೆ, ಇನ್ಸ್‌ಪೆಕ್ಟ್ರು ನನಗಿಂತ ಜಾಸ್ತಿ. ಮೂಡಿಗೆರೆ, ಬೇಲೂರು ಯಾವಾಗ ದಾಟಿತೋ, ನಿದ್ದೆಯಲ್ಲಿದ್ದೆ. ಹಾಸನದಲ್ಲಿ ಪಂಕ್ಚರ್ ಹಾಕಿಸುವಾಗ ಪಕ್ಕದ ಅಂಗಡಿಯಲ್ಲಿ ಪರ್ಮನೆಂಟ್ ಮಾರ್ಕರ್ ತಗೊಂಡೆ. ತಗೊಂಡ ಮೇಲೆ ಹೊಳೆಯಿತು, ಬಾಕ್ಸಿನ ಮೇಲೆ ಬರೆಯುವುದಾದರೂ ಏನನ್ನು? ಕೊಣನೂರು ದಾಟಿ ಕೊಡಗಿನ ಗಡಿಯೊಳಗೆ ಬರುವಾಗ ಕತ್ತಲೆ. ಶಿರಂಗಾಲ, ಹೆಬ್ಬಾಲೆ, ಕೂಡಿಗೆ ಅಂತ ಬೋರ್ಡು ಮಾತ್ರ ಕಾಣುತ್ತಿತ್ತು.

ಇಲ್ಲಿ ಮುಟ್ಟುವಾಗ ರಾತ್ರಿ ಹನ್ನೊಂದು ಗಂಟೆ. ಪರಿಹಾರ ಕೇಂದ್ರದ ಸ್ಟೋರ್ ನೋಡಿಕೊಳ್ಳುವ ಟೀಚರ್ ಟಾರ್ಚ್ ಹಿಡಿದು ಬಂದರು. ನಮಸ್ಕಾರ, ಊಟ ಆಯ್ತಾ, ಯಾವೂರು ಎಂತದ್ದೂ ಇಲ್ಲ. ಮೊದಲ ಪ್ರಶ್ನೆಯೇ "ಬಟ್ಟೆ ತಂದಿಲ್ಲ ತಾನೆ?" ಹಿಂದೆ ಟಾರ್ಚ್ ಬಿಟ್ಟು ತೋರಿಸಿದರು. ಒಂದು ಕ್ಲಾಸ್‌ರೂಮಿನ ತುಂಬ, ಕಿಟಕಿಯ ಎತ್ತರಕ್ಕೆ, ಹಳೇ ಬಟ್ಟೆ. ನಾನು ಕೋಟಿನ ವಿಷಯ ಎತ್ತಲಿಲ್ಲ. ಇನ್ಸ್‌ಪೆಕ್ಟ್ರು ಗೋಣಿ ಇಳಿಸಿ, ಕಟ್ಟು ಬಿಚ್ಚಿ, ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ ನೋಡಿದರು. ಪುಡಿ ಪುಡಿಯಾಗಿತ್ತು. ನಮ್ಮ ಇಡೀ ತಂಡದಲ್ಲಿ ಒದ್ದೆಯಾಗದೆ ಬಂದದ್ದು ಅದೊಂದೇ.

ಒಂದು ವಿಷಯ ನಿನಗೆ ಹೇಳಲೇಬೇಕು. ಜನ ಮಲಗಿದ್ದ ಹಾಲ್ ಬಾಗಿಲಲ್ಲಿ ನಾನು ಅಭ್ಯಾಸಬಲದಿಂದ ಚಪ್ಪಲಿ ಬಿಡಲು ನಿಂತೆ. ಒಳಗೆ ನೂರಕ್ಕೂ ಜಾಸ್ತಿ ಜನ. ಹೊರಗೆ ಚಪ್ಪಲಿ ಇದ್ದದ್ದು ಇಪ್ಪತ್ತು ಜೊತೆಯೂ ಇರಲಿಕ್ಕಿಲ್ಲ. ನಾಲ್ಕೈದು ಒಂಟಿ. ಒಂದು ಕಡೆ ಗಂಡಸರ ಎಡಗಾಲಿನದ್ದು ಮತ್ತು ಹೆಂಗಸರ ಬಲಗಾಲಿನದ್ದು ಪಕ್ಕಪಕ್ಕ ಬಿಟ್ಟಿತ್ತು. ಒಬ್ಬರೇ ಹಾಕಿಕೊಂಡು ನಡೆಯುತ್ತಿದ್ದಾರೆ ಅಂತ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ರಾತ್ರೋರಾತ್ರಿ ಓಡಿ ಬಂದವರು. ನಾವು ವಾರವಿಡೀ ಕೂತು ಪಟ್ಟಿ ಮಾಡಿದೆವಲ್ಲ, ಬೆಂಕಿಪೊಟ್ಟಣ ನೆನಪಾಯಿತು, ಸೊಳ್ಳೆಬತ್ತಿ ನೆನಪಾಯಿತು. ಚಪ್ಪಲಿ ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಈಗ ಕೆಲಸದ ಮಾತು. ಏಳುವ ಹಾಗಿದ್ದರೆ ಮಾತ್ರ ಮಾಡು, ಇಲ್ಲದಿದ್ದರೆ ತಮ್ಮನಿಗೆ ಹೇಳು. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ರಬ್ಬರ್ ಚಪ್ಪಲಿ ನೂರು ಜೊತೆ. 6, 7, 8 ಸೈಜ್ ಜಾಸ್ತಿ ಇರಲಿ. ಮಕ್ಕಳದ್ದು ಅಳತೆ ತೆಗೆದು ಮಧ್ಯಾಹ್ನ ತಿಳಿಸುತ್ತೇನೆ. ಬುಧವಾರ ಇನ್ನೊಂದು ಪಿಕಪ್ ಬರುತ್ತದಂತೆ, ಅದರಲ್ಲಿ ಕಳಿಸು. ಅದರ ಎದುರಿಗೆ ಬ್ಯಾನರ್ ಬೇಡ.

ನೋಟ್‌ಬುಕ್ ತೆಗೆದು ನೋಡಿ ರಬ್ಬರ್ ಗ್ಲೌಸ್ ಯಾವ ಬಾಕ್ಸಿನಲ್ಲಿ ಅಂತ ಹೇಳು. ನಂಬರ್ ಹೇಳಬೇಡ! ಬಾಕ್ಸ್ ಯಾವ ಕಂಪೆನಿಯದ್ದು, ಸೋಪಿನದ್ದಾ ಬಾಳೆಹಣ್ಣು ಚಿಪ್ಸಿನದ್ದಾ, ಅದು ನೆನಪಿದ್ದರೆ ಹೇಳು. ಎಂಟು ಗಂಟೆಗೆ ಮೊದಲ ಬಾವಿಗೆ ಇಳಿಯುವುದು.

ಆ ಸ್ಕೆಚ್ ಪೆನ್ ಅಣ್ಣನ ಮಗಳಿಗೆ ಕೊಡು.

ನಿನ್ನ,
ಬ್ಯಾನರ್ ಕಟ್ಟಿದವ