ಮಗಳಿಗೊಂದು ಪತ್ರ: ಆರ್ಟಿಚೋಕ್‌ಗೆ ಹೂರಣ ತುಂಬುವ ಮೊದಲು

ಪ್ರೀತಿಯ ಕುಂಞಿ,

ಮುಂದಿನ ಶನಿವಾರ ಹೋಂಸ್ಟೇಗೆ ಬರುವವರಿಗೆ ಆರ್ಟಿಚೋಕ್ ಮಾಡಬೇಕು, ಬೆಂಗಳೂರಿಂದ ತರಿಸುತ್ತೇನೆ, ಹೇಗೆಂದು ಬರೆದು ಕಳಿಸು ಅಂದಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಅಡುಗೆಮನೆಯ ಗೋಡೆಗೆ ಅಂಟಿಸಿಕೋ. ಒಂದು ಮಾತು ಮೊದಲೇ ಗಟ್ಟಿಮಾಡಿಕೋ: ಇದರ ರುಚಿ ತೀರ್ಮಾನವಾಗುವುದು ಒಲೆ ಹಚ್ಚುವ ಮೊದಲು. ಬಿಡಿಸುವುದರಲ್ಲಿ ಅವಸರ ಮಾಡಿದರೆ ಎಷ್ಟು ಒಳ್ಳೆಯ ಹೂರಣ ತುಂಬಿದರೂ ಸರಿಹೋಗುವುದಿಲ್ಲ.

ಆರ್ಟಿಚೋಕ್ ಕಾಯಿಯಲ್ಲ, ಅರಳದ ಮೊಗ್ಗು. ಸೂರ್ಯಕಾಂತಿ, ಕುಸುಬೆಯ ಕುಟುಂಬದ ಮುಳ್ಳುಗಿಡದ್ದು. ಬಾಳೆಹೂವು ಬಿಡಿಸಿ ಗೊತ್ತಿರುವ ನಿನಗೆ ಇದು ತೀರ ಹೊಸದಲ್ಲ. ಹೊರಗಿನ ಎಸಳು ಒರಟು, ಒಳಗೆ ಹೋದಂತೆ ಎಳತು, ಕತ್ತರಿಸಿದ ಕೂಡಲೇ ಕಪ್ಪಾಗುತ್ತದೆ. ಇದರಲ್ಲಿ ತಿನ್ನುವ ಭಾಗ ಮೂರು. ಪ್ರತಿ ಎಸಳಿನ ಬುಡದಲ್ಲಿ ಅಂಟಿಕೊಂಡಿರುವ ಸ್ವಲ್ಪ ತಿರುಳು, ಎಲ್ಲ ಎಸಳೂ ಕೂತಿರುವ ಬಟ್ಟಲಿನಂಥ ಬುಡದ ತಿರುಳು, ಮತ್ತೆ ತೊಟ್ಟಿನ ಒಳದಂಟು. ತಿನ್ನಬಾರದ್ದು ಆ ಬುಡದ ಮೇಲೆ ಒತ್ತಾಗಿ ನಿಂತಿರುವ ಕೂದಲಿನಂಥ ಜೂಲು. ಮೊಗ್ಗು ಅರಳಿದ್ದರೆ ಅದೇ ನೇರಳೆ ಹೂವಾಗುತ್ತಿತ್ತು. ವಿಷವಲ್ಲ, ಆದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮಕ್ಕಳಿಗೆ ಬಡಿಸುವಾಗ ಅದರ ಒಂದು ಎಳೆಯೂ ಉಳಿದಿರಬಾರದು.

ನಾಲ್ಕು ಜನಕ್ಕೆ ನಾಲ್ಕು ಮೊಗ್ಗು ಸಾಕು, ಒಂದೊಂದೂ 250ರಿಂದ 300 ಗ್ರಾಂ ತೂಗುವಂಥದ್ದು. ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಭಾರ ಅನ್ನಿಸಬೇಕು, ಎಸಳು ಬಿಗಿಯಾಗಿರಬೇಕು, ಎರಡನ್ನು ಒಂದಕ್ಕೊಂದು ಉಜ್ಜಿದರೆ ಕಿರುಗುಟ್ಟಬೇಕು. ಎಸಳು ಬಿರಿದು ತುದಿ ಒಣಗಿದ್ದರೆ ನಾರು ಬಲಿತಿದೆ ಎಂದರ್ಥ, ಎಷ್ಟು ಬೇಯಿಸಿದರೂ ಮೆತ್ತಗಾಗದು. ಹೊರಗೆ ಅಲ್ಲಲ್ಲಿ ಕಂದು ಕಲೆಯಿದ್ದರೆ ಹೆದರಬೇಡ, ಚಳಿಗೆ ಹಾಗಾಗುತ್ತದೆ. ತಂದ ದಿನವೇ ಮಾಡದಿದ್ದರೆ ಸ್ವಲ್ಪ ನೀರು ಚಿಮುಕಿಸಿ ಕವರಿನಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಡು. ನಾಲ್ಕೈದು ದಿನ ಇರುತ್ತದೆ, ಆದರೆ ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಬಿಡಿಸುವ ಮೊದಲು ಒಂದು ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ನೀರಿಗೆ ಎರಡು ನಿಂಬೆಹಣ್ಣು ಹಿಂಡಿ ಪಕ್ಕದಲ್ಲಿಟ್ಟುಕೋ, ಬಿಡಿಸಿದ್ದನ್ನು ಇದಕ್ಕೇ ಹಾಕಬೇಕು. ಹಿಂಡಿದ ಸಿಪ್ಪೆ ಎಸೆಯಬೇಡ, ಕತ್ತರಿಸಿದ ಜಾಗಕ್ಕೆಲ್ಲ ಅದರಿಂದಲೇ ಉಜ್ಜುತ್ತಾ ಹೋಗಬೇಕು. ಕತ್ತರಿಸಿದಾಗ ಒಳಗಿನ ಒಗರಿನ ಅಂಶ ಗಾಳಿಯೊಡನೆ ಸೇರಿ ಕಪ್ಪಾಗುತ್ತದೆ, ಹುಳಿ ಅದನ್ನು ತಡೆಯುತ್ತದೆ. ಬಾಳೆಹೂವನ್ನು ಮಜ್ಜಿಗೆ ನೀರಿಗೆ ಹಾಕುವುದೂ ಇದೇ ಕಾರಣಕ್ಕೆ. ಆದರೆ ಇಲ್ಲಿ ಮಜ್ಜಿಗೆ ಬೇಡ, ಅದರ ಕೆನೆ ಎಸಳಿನ ಸಂದಿಯಲ್ಲಿ ಕೂತುಬಿಡುತ್ತದೆ. ನಿಂಬೆ ಇಲ್ಲದಿದ್ದರೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಹಾಕು. ಮನೆಯಲ್ಲಿ ಬೇಕಾದಷ್ಟಿದೆ ಅಂತ ಈ ನೀರಿಗೆ ನಮ್ಮ ಕೊಡಗಿನ ಹುಳಿರಸ ಕಾಚಂಪುಳಿ ಹಾಕಲು ಹೋಗಬೇಡ. ಅದು ಹುಳಿಯೇ ಹೌದು, ಆದರೆ ತಾನೇ ಕಡುಗಪ್ಪು, ಮೊಗ್ಗನ್ನೂ ಕಪ್ಪು ಮಾಡುತ್ತದೆ. ಈಳಿಗೆ ಮಣೆ, ಕಬ್ಬಿಣದ ಕತ್ತಿ, ಅಲ್ಯೂಮಿನಿಯಂ ಪಾತ್ರೆ ಮೂರನ್ನೂ ದೂರವಿಡು. ಆ ಲೋಹ ತಾಗಿದರೆ ಬಣ್ಣ ಬೂದಿಯಾಗುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ಸ್ಟೀಲಿನ ಚೂರಿ, ಸ್ಟೀಲಿನ ಪಾತ್ರೆ, ಅಷ್ಟೇ.

ಮೊಗ್ಗುಗಳನ್ನು ತಲೆಕೆಳಗಾಗಿ ಉಪ್ಪುನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಅಲ್ಲಾಡಿಸಿ ತೊಳೆ, ಸಂದಿಯ ಮಣ್ಣು, ಹುಳ ಇಳಿಯುತ್ತವೆ. ತೊಟ್ಟನ್ನು ಬುಡಕ್ಕೆ ಸಮವಾಗಿ ಕತ್ತರಿಸು. ಮೊಗ್ಗು ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಬೇಕು, ಓರೆಯಾದರೆ ಒಂದು ಕಡೆ ನೀರು ಹೂರಣಕ್ಕೆ ನುಗ್ಗುತ್ತದೆ. ತೊಟ್ಟನ್ನು ಬಿಸಾಡಬೇಡ. ಹೊರಗಿನ ನಾರು ಹೆರೆದರೆ ಒಳಗೆ ಬಿಳಿ ದಂಟು ಸಿಗುತ್ತದೆ, ಅದರ ರುಚಿ ಬುಡದ ತಿರುಳಿನದ್ದೇ. ಬುಡದ ಸುತ್ತಲಿನ ಒಂದು ಸುತ್ತು ಸಣ್ಣ ಒರಟು ಎಸಳು ಕಿತ್ತುಹಾಕು. ಗರಗಸದ ಹಲ್ಲಿರುವ ಬ್ರೆಡ್ ಚೂರಿಯಿಂದ ಮೇಲಿನ ಕಾಲುಭಾಗವನ್ನು, ಸುಮಾರು ಎರಡೂವರೆ ಸೆಂಟಿಮೀಟರ್, ಅಡ್ಡಲಾಗಿ ಕೊಯ್ದುಹಾಕು. ಉಳಿದ ಎಸಳುಗಳ ತುದಿಯಲ್ಲಿ ಸಣ್ಣ ಮುಳ್ಳಿರುತ್ತದೆ, ಕತ್ತರಿಯಿಂದ ಒಂದೊಂದನ್ನೇ ತೆಗೆ. ಒಂದು ಬಿಟ್ಟುಹೋದರೂ ತಿನ್ನುವವರ ಬೆರಳಿಗೆ ಚುಚ್ಚುತ್ತದೆ.

ಇನ್ನು ಜೂಲು ತೆಗೆಯುವ ಕೆಲಸ. ಹೆಚ್ಚಿನವರು ಸೋಲುವುದು ಇಲ್ಲೇ. ಹಸಿಯಾಗಿರುವಾಗಲೇ ತೆಗೆಯಬಹುದು, ಆದರೆ ಬಿಗಿ ಮೊಗ್ಗನ್ನು ಬಲವಾಗಿ ಅಗಲಿಸಿದರೆ ಎಸಳು ಬುಡದಿಂದಲೇ ಮುರಿದು ಬರುತ್ತದೆ, ಆಮೇಲೆ ಹೂರಣ ನಿಲ್ಲುವುದಕ್ಕೆ ಗೋಡೆಯೇ ಇರುವುದಿಲ್ಲ. ನೀನು ಮೊದಲ ಸಲ ಮಾಡುತ್ತಿರುವುದರಿಂದ ಅರೆಬೇಯಿಸಿಯೇ ತೆಗೆ. ಉಪ್ಪು, ನಿಂಬೆ ಹಾಕಿದ ಕುದಿಯುವ ನೀರಿನಲ್ಲಿ ಮೊಗ್ಗುಗಳನ್ನು ತಲೆಕೆಳಗಾಗಿ ಹಾಕಿ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸು. ತೇಲದಂತೆ ಮೇಲೊಂದು ತಟ್ಟೆ ಮುಚ್ಚು. ತೆಗೆದು ಜರಡಿಯ ಮೇಲೆ ತಲೆಕೆಳಗಾಗಿಯೇ ಹತ್ತು ನಿಮಿಷ ಸೋರಲು ಬಿಡು. ಈ ಹತ್ತು ನಿಮಿಷ ಉಳಿಸಲು ಹೋಗಬೇಡ, ಸಂದಿಯಲ್ಲಿ ನಿಂತ ನೀರೇ ಹೂರಣವನ್ನು ಗಂಜಿ ಮಾಡುವುದು.

ಆರಿದ ಮೇಲೆ ಹೆಬ್ಬೆರಳಿನಿಂದ ನಡುವನ್ನು ಮೆಲ್ಲಗೆ ಅಗಲಿಸು. ನಟ್ಟನಡುವೆ ತೆಳ್ಳನೆಯ, ಕೆಲವೊಮ್ಮೆ ನೇರಳೆ ಬಣ್ಣದ ಎಸಳುಗಳ ಒಂದು ಮೊನೆ ಇರುತ್ತದೆ. ಅದನ್ನು ಹಿಡಿದು ತಿರುಚಿ ಎಳೆದರೆ ಒಟ್ಟಿಗೇ ಬರುತ್ತದೆ, ಕೆಳಗೆ ಜೂಲು ಕಾಣುತ್ತದೆ. ಅಂಚು ತೆಳುವಾಗಿರುವ ಟೀ ಚಮಚವನ್ನು ಜೂಲಿನ ಅಡಿಗೆ ತೂರಿಸಿ ಅಂಚಿನಿಂದ ನಡುವಿಗೆ ಕೆರೆ. ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಗುರುತಿದೆ. ಜೂಲು ಹೋದ ಮೇಲೆ ಸಣ್ಣ ಸಣ್ಣ ಚುಕ್ಕಿ ತುಂಬಿದ ನುಣುಪಾದ ಬಟ್ಟಲು ಕಾಣಿಸುತ್ತದೆ. ಅಲ್ಲಿಗೆ ನಿಲ್ಲಿಸು. ಇನ್ನೂ ಕೆರೆದರೆ ಹೋಗುವುದು ತಿರುಳು, ಇಡೀ ಮೊಗ್ಗಿನಲ್ಲಿ ಬೆಲೆಬಾಳುವ ಭಾಗವೇ ಅದು. ಕೊನೆಗೆ ಬೆರಳಾಡಿಸಿ ನೋಡು, ಕೂದಲು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಒಳಗೆಲ್ಲ ನಿಂಬೆ ಸವರಿ ಮತ್ತೆ ಬೋರಲು ಹಾಕು. ಈ ಕೆಲಸದಲ್ಲಿ ಬೆರಳು ಕಪ್ಪಾಗುತ್ತದೆ, ಕಹಿಯೂ ಅಂಟುತ್ತದೆ. ನಿಂಬೆಸಿಪ್ಪೆಯಲ್ಲಿ ಉಜ್ಜಿ ಸೋಪಿನಿಂದ ತೊಳೆದುಕೊಳ್ಳದೆ ಹೂರಣಕ್ಕೆ ಕೈ ಹಾಕಬೇಡ.

ಹೂರಣಕ್ಕೆ ಇಟಲಿಯವರು ಬಳಸುವುದು ಬ್ರೆಡ್ ಪುಡಿ, ಬೆಳ್ಳುಳ್ಳಿ, ಪಾರ್ಸ್ಲಿ, ಗಟ್ಟಿ ಚೀಸ್, ಆಲಿವ್ ಎಣ್ಣೆ. ತುರ್ಕಿಯಲ್ಲಿ ಅಕ್ಕಿ ತುಂಬುವುದೂ ಉಂಟು. ನೀನು ಬ್ರೆಡ್ಡಿನದ್ದೇ ಮಾಡು. ನಾಲ್ಕು ಮೊಗ್ಗಿಗೆ ಎರಡು ದಿನದ ಹಿಂದಿನ ಬ್ರೆಡ್ ಆರು ಹೋಳು, ತರಿತರಿಯಾಗಿ ಪುಡಿಮಾಡಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿದರೆ ಸುಮಾರು 120 ಗ್ರಾಂ ಆಗುತ್ತದೆ. ತಾಜಾ ಬ್ರೆಡ್ ಆಗದು, ಬೆಂದಾಗ ಅಂಟಾಗಿ ಮುದ್ದೆ ಕಟ್ಟುತ್ತದೆ. ನಮ್ಮ ಮಡಿಕೇರಿಯ ಮಳೆಗಾಲದಲ್ಲಂತೂ, ಕಕ್ಕಡ ತಿಂಗಳ ತೇವದಲ್ಲಿ, ಬೆಳಿಗ್ಗೆ ಹುರಿದ ಪುಡಿ ಮಧ್ಯಾಹ್ನಕ್ಕೆ ಮೆತ್ತಗಾಗಿರುತ್ತದೆ. ತುಂಬುವ ಹೊತ್ತಿಗೇ ಹುರಿದುಕೋ.

ನಾಲ್ಕು ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಐದು ಎಸಳು ಬೆಳ್ಳುಳ್ಳಿಯನ್ನು ಅರ್ಧ ನಿಮಿಷ ಬಾಡಿಸಿ, ಎಣ್ಣೆ ಸಮೇತ ಪುಡಿಗೆ ಸುರಿ. ಹಸಿ ಬೆಳ್ಳುಳ್ಳಿ ಎಸಳಿನ ನಡುವೆ ಸಿಕ್ಕಿಕೊಂಡರೆ ಪೂರ್ತಿ ಬೇಯುವುದಿಲ್ಲ, ಹಸಿ ವಾಸನೆ ಉಳಿಯುತ್ತದೆ. ಪಾರ್ಸ್ಲಿ ಸಿಗದಿದ್ದರೆ ಒಂದು ಹಿಡಿ ಕೊತ್ತಂಬರಿ ಸೊಪ್ಪು, ಹತ್ತು ಹನ್ನೆರಡು ಪುದೀನ ಎಲೆ. ತೋಟದ ಕರಿಮೆಣಸು ಆಗಷ್ಟೇ ಕುಟ್ಟಿದ್ದು ಒಂದು ಟೀ ಚಮಚ, ಒಂದು ನಿಂಬೆಯ ಹಳದಿ ಸಿಪ್ಪೆಯ ತುರಿ, ತುರಿದ ಗಟ್ಟಿ ಚೀಸ್ 50 ಗ್ರಾಂ. ಚೀಸಿನಲ್ಲೇ ಉಪ್ಪಿರುವುದರಿಂದ ಉಪ್ಪು ಕಾಲು ಚಮಚದಿಂದ ಶುರುಮಾಡಿ, ಬಾಯಿಗೆ ಹಾಕಿ ನೋಡಿ ಸೇರಿಸು. ಹದ ಹೇಗಿರಬೇಕೆಂದರೆ, ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಉದುರುದುರಾಗಿದ್ದರೆ ಇನ್ನೊಂದು ಚಮಚ ಎಣ್ಣೆ ಹಾಕು, ನೀರು ಬೇಡ.

ಚೀಸಿನ ವಿಷಯದಲ್ಲಿ ಎಚ್ಚರ. ಇಟಲಿಯ ಅಸಲಿ ಪಾರ್ಮೆಸಾನ್, ಪೆಕೊರಿನೊ ರೊಮಾನೊ ಎರಡನ್ನೂ ಕರು, ಕುರಿಮರಿಗಳ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ನಿನ್ನಲ್ಲಿಗೆ ಬರುವವರಲ್ಲಿ ಸಸ್ಯಾಹಾರಿಗಳಿದ್ದರೆ ಪೊಟ್ಟಣದ ಮೇಲಿನ ಹಸಿರು ಚುಕ್ಕಿ ನೋಡಿಯೇ ತೆಗೆದುಕೋ. ನಂಬಿ ಊಟಕ್ಕೆ ಕೂತವರಿಗೆ ಅಷ್ಟು ಕಾಳಜಿ ನಾವು ಮಾಡಲೇಬೇಕು.

ತೆಂಗಿನಕಾಯಿ, ಗರಂ ಮಸಾಲೆ, ಈರುಳ್ಳಿ ಗೊಜ್ಜು ಇವನ್ನೆಲ್ಲ ತುಂಬುವ ಆಸೆ ನಿನಗೆ ಬಂದೇ ಬರುತ್ತದೆ. ಬೇಡ. ಆರ್ಟಿಚೋಕ್ ರುಚಿ ಬಹಳ ಮೆಲುವಾದದ್ದು, ಒಂದಿಷ್ಟು ಕಹಿ, ಕೊನೆಗೆ ಒಂದಿಷ್ಟು ಸಿಹಿ. ಮಸಾಲೆಯಡಿ ಅದು ಮುಳುಗಿಹೋದರೆ ಇಷ್ಟು ದುಡ್ಡು ಕೊಟ್ಟು ತಂದು, ಇಷ್ಟು ಹೊತ್ತು ಬಿಡಿಸಿದ್ದು ಯಾತಕ್ಕೆ? ಮಾಂಸ ಬೇಕೇಬೇಕು ಅನ್ನುವವರಿಗೆ 150 ಗ್ರಾಂ ಹಂದಿ ಕೈಮವನ್ನು ಈರುಳ್ಳಿ, ಕರಿಮೆಣಸು, ಚಿಟಿಕೆ ಜೀರಿಗೆ ಹಾಕಿ ಪೂರ್ತಿ ಬೇಯಿಸಿ, ನೀರು ಇಂಗಿಸಿ, ಇಳಿಸುವಾಗ ಅರ್ಧ ಟೀ ಚಮಚ ಕಾಚಂಪುಳಿ ಹಾಕು. ಬ್ರೆಡ್ ಪುಡಿಯನ್ನು ಅರ್ಧ ಮಾಡಿ ಇದನ್ನು ಬೆರೆಸು, ಚೀಸ್ ಬಿಟ್ಟುಬಿಡು. ಹಸಿ ಕೈಮವನ್ನು ಮಾತ್ರ ತುಂಬಬೇಡ, ನಡುವಿಗೆ ಬಿಸಿ ತಲುಪುವುದು ನಿಧಾನ.

ತುಂಬುವಾಗ ಕೆಳಗೊಂದು ತಟ್ಟೆಯಿಟ್ಟುಕೋ. ನಡುವಿನ ಬಟ್ಟಲಿಗೆ ಎರಡು ಚಮಚ ಹಾಕಿ, ಆಮೇಲೆ ಹೊರಸುತ್ತಿನಿಂದ ಒಂದೊಂದು ಎಸಳನ್ನು ಹೊರಗೆ ಬಾಗಿಸಿ ಬುಡಕ್ಕೆ ಇಳಿಯುವಂತೆ ಚಿಟಿಕೆ ಚಿಟಿಕೆ ತುಂಬುತ್ತಾ ಬಾ. ಗಟ್ಟಿಯಾಗಿ ಒತ್ತಬೇಡ. ಒತ್ತಿದರೆ ಆವಿ ಓಡಾಡುವ ದಾರಿ ಮುಚ್ಚಿ, ಹೊರಗೆ ಬೆಂದು ನಡುವೆ ಹಸಿಯಾಗಿ ಉಳಿಯುತ್ತದೆ. ಒಂದಕ್ಕೆ ಸುಮಾರು ಅರ್ಧ ಕಪ್ ಹಿಡಿಯುತ್ತದೆ. ಮೇಲೊಂದು ಟೀ ಚಮಚ ಎಣ್ಣೆ ಸುರಿ.

ನಾಲ್ಕೂ ಒತ್ತೊತ್ತಾಗಿ ಕೂರುವಂಥ ದಪ್ಪತಳದ ಸ್ಟೀಲ್ ಪಾತ್ರೆ ತೆಗೆದುಕೋ. ಸಂದಿ ಉಳಿದರೆ ಹೆರೆದ ತೊಟ್ಟು, ಆಲೂಗಡ್ಡೆ ಹೋಳು ಇಟ್ಟು ನಿಲ್ಲಿಸು. ಎರಡು ಸೆಂಟಿಮೀಟರ್ ನೀರು, ಅರ್ಧ ನಿಂಬೆ, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ನೀರು ಬುಡವನ್ನು ಮಾತ್ರ ಮುಟ್ಟಬೇಕು. ಮುಚ್ಚಳದಿಂದ ತೊಟ್ಟಿಕ್ಕುವ ಆವಿನೀರು ಹೂರಣವನ್ನು ಒದ್ದೆ ಮಾಡುತ್ತದೆ, ಆದ್ದರಿಂದ ಬಾಡಿಸಿದ ಬಾಳೆಲೆಯ ತುಂಡೊಂದನ್ನು ಮೊಗ್ಗುಗಳ ಮೇಲೆ ಹೊದಿಸಿ ಆಮೇಲೆ ಮುಚ್ಚು. ಕುದಿ ಬಂದ ಮೇಲೆ ಸಣ್ಣ ಉರಿ. ಅರೆಬೇಯಿಸಿದ್ದಕ್ಕೆ ಮೂವತ್ತು ಮೂವತ್ತೈದು ನಿಮಿಷ, ಹಸಿಯಾಗಿಯೇ ತುಂಬಿದ್ದರೆ ಐವತ್ತರಿಂದ ಅರವತ್ತು. ಪುಸ್ತಕದಲ್ಲಿ ಬರೆದ ಸಮಯಕ್ಕಿಂತ ಮಡಿಕೇರಿಯಲ್ಲಿ ಐದು ಹತ್ತು ನಿಮಿಷ ಜಾಸ್ತಿಯೇ ಬೇಕು. ಸಾವಿರ ಮೀಟರಿಗೂ ಮೇಲಿರುವ ಊರಲ್ಲಿ ನೀರು 100 ಡಿಗ್ರಿಗೆ ಮೊದಲೇ, 96–97ರ ಹತ್ತಿರವೇ ಕುದಿಯುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ನೀರು ನೋಡು, ಇಂಗಿದ್ದರೆ ಬಿಸಿನೀರನ್ನೇ ಪಾತ್ರೆಯ ಅಂಚಿನಿಂದ ಸುರಿ. ತಳ ಹಿಡಿದರೆ ಸುಟ್ಟ ವಾಸನೆ ಹೂರಣಕ್ಕೆಲ್ಲ ಏರುತ್ತದೆ, ಅದಕ್ಕೆ ಮದ್ದಿಲ್ಲ. ಕುಕ್ಕರ್ ಬೇಡ, ಎಸಳು ಬೆಂದು ಬಿದ್ದುಹೋಗುತ್ತದೆ.

ಬೆಂದಿದೆಯೋ ಎಂದು ನೋಡಲು ನಡುಸುತ್ತಿನ ಒಂದು ಎಸಳು ಎಳೆ. ತಡೆಯಿಲ್ಲದೆ ಕೈಗೆ ಬಂದು, ಹಲ್ಲಿಗೆ ತಿರುಳು ಸಲೀಸಾಗಿ ಬಿಟ್ಟುಕೊಟ್ಟರೆ ಆಯಿತು. ಹೊರಗಿನ ಎಸಳು ನೋಡಿ ಮೋಸಹೋಗಬೇಡ, ಅದು ಮೊದಲೇ ಬೇಯುತ್ತದೆ. ಓವನ್ ಇದ್ದರೆ 200 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಇಟ್ಟು ಮೇಲ್ಭಾಗ ಗರಿಗರಿ ಮಾಡು. ಇಲ್ಲದಿದ್ದರೆ ಒಂದು ಹಿಡಿ ಬ್ರೆಡ್ ಪುಡಿಯನ್ನು ಎತ್ತಿಟ್ಟುಕೊಂಡಿದ್ದು ಬಡಿಸುವಾಗ ಉದುರಿಸು.

ಬರುವವರಿಗೆ ತಿನ್ನುವ ಕ್ರಮ ಹೇಳಿಕೊಡಬೇಕಾಗುತ್ತದೆ, ಸಂಕೋಚ ಪಡಬೇಡ. ಎಸಳನ್ನು ಹೂರಣದ ಸಮೇತ ಕಿತ್ತು, ಬುಡವನ್ನು ಕೆಳಹಲ್ಲಿನಿಂದ ಕೆರೆದು, ನಾರನ್ನು ಪಕ್ಕಕ್ಕಿಡುವುದು. ಹಾಗಾಗಿ ಒಬ್ಬೊಬ್ಬರಿಗೂ ಒಂದು ಖಾಲಿ ಬಟ್ಟಲು ಇಡು. ಎಸಳು ಮುಗಿದ ಮೇಲೆ ಬುಡವನ್ನು ಇಡಿಯಾಗಿ ತಿನ್ನುವುದು, ಕಾದು ಕೂತದ್ದಕ್ಕೆ ಸಿಗುವುದು ಅದು. ಊಟದ ಜೊತೆ ಬಡಿಸಬೇಡ, ಊಟಕ್ಕೆ ಮೊದಲು ಇದೊಂದನ್ನೇ ಕೊಡು. ಇದನ್ನು ತಿಂದ ಮೇಲೆ ನೀರು ಕುಡಿದರೆ ಎಷ್ಟೋ ಜನರಿಗೆ ನೀರೇ ಸಿಹಿ ಅನ್ನಿಸುತ್ತದೆ. ಮೊಗ್ಗಿನ ಸಿನಾರಿನ್ ಎಂಬ ಅಂಶ ನಾಲಿಗೆಯ ಮೇಲೆ ಮಾಡುವ ಕೆಲಸ ಅದು. ಯಾರಾದರೂ ನೀರಿಗೆ ಸಕ್ಕರೆ ಹಾಕಿದಿರಾ ಎಂದು ಕೇಳಿದರೆ ಗಾಬರಿಯಾಗಬೇಡ.

ಶುಕ್ರವಾರ ರಾತ್ರಿಯೇ ಅರೆಬೇಯಿಸಿ ಜೂಲು ತೆಗೆದು, ಮುಚ್ಚಿ ಫ್ರಿಜ್ಜಿನಲ್ಲಿಟ್ಟುಕೊಂಡರೆ ಶನಿವಾರ ಹಗುರವಾಗುತ್ತದೆ. ಹೂರಣ ಮಾತ್ರ ಅವತ್ತೇ ತುಂಬು. ಉಳಿದರೆ ಎರಡು ದಿನ ಇಡಬಹುದು, ಬಿಸಿ ಮಾಡುವಾಗ ಅಕ್ಕಿತರಿಯ ಉಂಡೆ ಕಡಂಬುಟ್ಟು ಬೇಯಿಸುವ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಗಿಡು. ನಿಂಬೆಹಣ್ಣು ಆರಾದರೂ ತರಿಸು, ಲೆಕ್ಕಕ್ಕಿಂತ ಹೆಚ್ಚೇ ಬೇಕಾಗುತ್ತದೆ.

ಇಂತಿ ನಿನ್ನ
ಅವ್ವ