ಓದಿದ ಪುಸ್ತಕವನ್ನೇ ಮತ್ತೆ ತರುವ ಮಕ್ಕಳ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರಗಳು. ದಸರಾ ರಜೆಗೆ ಮುಂಚೆ ನಡೆದ ಪೋಷಕರ ಸಭೆಯಲ್ಲಿ ನಿಮ್ಮಲ್ಲಿ ಮೂರ್ನಾಲ್ಕು ಮಂದಿ ಹೆಚ್ಚುಕಡಿಮೆ ಒಂದೇ ಮಾತನ್ನು ಕೇಳಿದಿರಿ: ‘ನಮ್ಮ ಹುಡುಗ ಪ್ರತಿ ಸಲವೂ ಅದೇ ಪುಸ್ತಕ ತರುತ್ತಾನಲ್ಲ ಮೇಡಂ, ಲೈಬ್ರರಿಯಲ್ಲಿ ಬೇರೆ ಪುಸ್ತಕ ಇಲ್ಲವೇ?’ ಅಂದು ಬಿಸಿಯೂಟ ಮತ್ತು ಸಮವಸ್ತ್ರದ ಚರ್ಚೆಯಲ್ಲೇ ಹೊತ್ತು ಕಳೆದುಹೋಗಿ, ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅದಕ್ಕಾಗಿ ಈ ಪತ್ರ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒಮ್ಮೆ ಒಯ್ದ ಪುಸ್ತಕವನ್ನು ಅದೇ ವರ್ಷ ಮತ್ತೆ ಒಯ್ಯುವಂತಿಲ್ಲ ಎಂಬ ನಿಯಮ ಕಳೆದ ವರ್ಷದವರೆಗೆ ನಮ್ಮ ಶಾಲೆಯಲ್ಲಿತ್ತು. ಅದನ್ನು ಮಾಡಿದವಳು ನಾನೇ. ಮಕ್ಕಳು ಹೆಚ್ಚು ಪುಸ್ತಕ ಓದಲಿ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ವರ್ಷದ ಕೊನೆಗೆ ವಿತರಣಾ ವಹಿ ತೆಗೆದು ನೋಡಿದರೆ ಸಾಲುಗಳೇನೋ ತುಂಬಿದ್ದವು, ಆದರೆ ಸೋಮವಾರ ಒಯ್ದ ಪುಸ್ತಕ ಮಂಗಳವಾರವೇ ವಾಪಸಾಗಿತ್ತು, ಅದರಲ್ಲಿ ಏನಿತ್ತು ಎಂದು ಕೇಳಿದರೆ ಮಕ್ಕಳು ಮುಖಮುಖ ನೋಡಿಕೊಳ್ಳುತ್ತಿದ್ದರು. ಈ ಜೂನ್‌ನಲ್ಲಿ ಆ ನಿಯಮವನ್ನು ತೆಗೆದುಹಾಕಿದ್ದೇವೆ. ಅದರ ಜೊತೆಗೆ ಬೀರುವಿನ ಬೀಗವೂ ಹೋಯಿತು. ನಮ್ಮ ದೇಶದ ಗ್ರಂಥಾಲಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ‘ಪುಸ್ತಕಗಳು ಇರುವುದು ಬಳಕೆಗಾಗಿ’ ಎಂಬುದು. ಅವರ ನೆನಪಿನಲ್ಲಿ ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಆಚರಿಸಿ, ಪ್ರತಿ ವರ್ಷ ಈ ಮಾತನ್ನು ಮಕ್ಕಳಿಗೆ ಹೇಳುತ್ತಲೇ, ಬೀರುವಿನ ಕೀಲಿಯನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಈಗ ಜಗಲಿಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ತೆಳು ಪುಸ್ತಕಗಳನ್ನು ಅದರ ಮೇಲೆ ನೇತುಹಾಕಿದ್ದೇವೆ. ದಪ್ಪ ಪುಸ್ತಕಗಳು ಬೀರುವಿನಲ್ಲೇ ಇವೆ, ಬಾಗಿಲು ಮಾತ್ರ ತೆರೆದಿರುತ್ತದೆ.

ಬೀಗ ತೆಗೆದ ಮೇಲೆ ನಾನು ಕಂಡದ್ದನ್ನು ಹೇಳುತ್ತೇನೆ. ನಮ್ಮ ಮಕ್ಕಳಲ್ಲಿ ಬಹಳ ಮಂದಿ ಮನೆಯಲ್ಲಿ ತೆಲುಗು ಮಾತಾಡುವವರು, ಕನ್ನಡವನ್ನು ಶಾಲೆಯಲ್ಲಿ ಕಲಿಯುವವರು. ಅಂಥ ಮಗುವಿನ ಮೊದಲ ಓದು ಒತ್ತಕ್ಷರಗಳ ಜೊತೆಗಿನ ಗುದ್ದಾಟದಲ್ಲೇ ಕಳೆದುಹೋಗುತ್ತದೆ; ಬೆರಳು ಸಾಲಿನ ಮೇಲೆ ತೆವಳುತ್ತಿರುತ್ತದೆ, ಸಾಲಿನ ಕೊನೆಗೆ ಬರುವ ಹೊತ್ತಿಗೆ ಅದರ ಮೊದಲು ಮರೆತಿರುತ್ತದೆ. ಎರಡನೆಯ ಸಲ ಓದುವಾಗ ಕಥೆ ಕೈಗೆ ಸಿಗುತ್ತದೆ. ಬೆರಳು ಪುಟದಿಂದ ಎದ್ದು, ಮಗು ದನಿ ಏರಿಸಿ ಇಳಿಸಿ ಓದತೊಡಗುವುದು ಮೂರನೆಯ ಸಲವೋ ನಾಲ್ಕನೆಯ ಸಲವೋ. ಅಷ್ಟರಲ್ಲಿ ನಾವು ಪುಸ್ತಕ ಕಿತ್ತುಕೊಂಡು ಹೊಸದನ್ನು ಕೊಟ್ಟರೆ, ಅದು ಮತ್ತೆ ಬೆರಳಿನ ಓದಿಗೇ ಹಿಂತಿರುಗುತ್ತದೆ.

ಐದನೇ ತರಗತಿಯ ಒಬ್ಬಳು ಹುಡುಗಿ ಪುಣ್ಯಕೋಟಿಯ ಹಾಡಿರುವ ಪುಸ್ತಕವನ್ನು ಬಿಡದೆ ಒಯ್ಯುತ್ತಿದ್ದಳು. ಮೊದಲ ಸಲ ಕರುವಿನ ಗತಿ ಏನು ಎಂದು ಅತ್ತಿದ್ದಳಂತೆ. ಹಸು ಕೊಟ್ಟ ಮಾತಿನಂತೆ ಹಿಂದಿರುಗುತ್ತದೆ, ಹುಲಿ ಪ್ರಾಣ ಬಿಡುತ್ತದೆ. ಇದು ಅವಳಿಗೆ ಬಾಯಿಪಾಠವಾಗಿ ಹೋದ ಮೇಲೆ ಒಂದು ದಿನ ನನ್ನ ಕೋಣೆಯ ಬಾಗಿಲಿಗೆ ಬಂದು, ‘ಹುಲಿಗೂ ಹಸಿವಾಗಿತ್ತಲ್ವಾ ಮೇಡಂ, ಅದಕ್ಕೆ ಊಟ ಯಾರು ಕೊಡಬೇಕಿತ್ತು?’ ಎಂದು ಕೇಳಿದಳು. ಮೂವತ್ತು ವರ್ಷದಿಂದ ಆ ಪದ್ಯ ಪಾಠ ಮಾಡುತ್ತಿರುವ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ, ಉತ್ತರವೂ ಇನ್ನೂ ಹೊಳೆದಿಲ್ಲ.

ಹಾಗೆ ನೋಡಿದರೆ ಮರಳಿ ಮರಳಿ ಹೋಗುವುದು ನಮ್ಮ ಸೀಮೆಯ ದೊಡ್ಡವರಿಗೆ ಹೊಸದಲ್ಲ. ಕೈವಾರದ ತಾತಯ್ಯನವರ ಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ಭಜನೆಯಲ್ಲಿ ಹಾಡುತ್ತೇವೆ, ಅದನ್ನು ಹೋದ ವಾರವೇ ಹಾಡಿದ್ದೆವಲ್ಲ ಎಂದು ಯಾರೂ ತಾಳ ಕೆಳಗಿಡುವುದಿಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರ ಕಗ್ಗದಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಓದಿದರೆ ಮುಗಿಸಲು ಎರಡೂವರೆ ವರ್ಷ ಮೀರುತ್ತದೆ, ಆದರೂ ಮುಗಿಸಿ ಮತ್ತೆ ಮೊದಲಿನಿಂದ ಹಿಡಿಯುವ ಹಿರಿಯರು ನಿಮ್ಮ ಮನೆಗಳಲ್ಲೇ ಇರಬಹುದು. ಹೈಸ್ಕೂಲಿನಲ್ಲಿದ್ದಾಗ ಅದರ ಇಪ್ಪತ್ತು ಪದ್ಯಗಳನ್ನು ಕಂಠಪಾಠ ಸ್ಪರ್ಧೆಗೆಂದು ಉರು ಹೊಡೆದು ನಾನು ಒಂದು ಸ್ಟೀಲ್ ಲೋಟ ಗೆದ್ದಿದ್ದೆ. ಅಂದು ಒಂದೇ ಉಸಿರಿಗೆ ಒಪ್ಪಿಸಿದ ಪದ್ಯಗಳಲ್ಲಿ ಕೆಲವನ್ನು ಇಂದು ಓದಹೊರಟರೆ ಎರಡನೆಯ ಸಾಲಿನಲ್ಲೇ ನಿಂತುಬಿಡುತ್ತೇನೆ. ಲೋಟ ಮಾತ್ರ ಇನ್ನೂ ಇದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಮಗು ಅದೇ ಪುಸ್ತಕ ತಂದರೆ ಬಯ್ಯಬೇಡಿ, ಒಂದು ಪುಟ ಗಟ್ಟಿಯಾಗಿ ಓದಲು ಹೇಳಿ ಕೇಳಿಸಿಕೊಳ್ಳಿ. ನಿಮಗೆ ಓದು ಬಾರದಿದ್ದರೂ ತೊಂದರೆಯಿಲ್ಲ, ಕೇಳುವವರೊಬ್ಬರು ಎದುರಿಗಿದ್ದರೆ ಸಾಕು. ವರ್ಷವಿಡೀ ಒಂದೇ ಪುಸ್ತಕಕ್ಕೆ ಅಂಟಿಕೊಂಡ ಮಕ್ಕಳೂ ಒಬ್ಬಿಬ್ಬರು ಇದ್ದಾರೆ. ಅಂಥವರಿಗೆ ಅದರ ಜೊತೆಗೆ ಇನ್ನೊಂದನ್ನೂ ಕೊಟ್ಟು ಕಳಿಸುತ್ತಿದ್ದೇವೆ.

ಪುಸ್ತಕ ಹಿಂದಿರುಗಿಸುವ ವಿಷಯದಲ್ಲಿ ಕೆಲವರು ಹೆದರಿಕೊಂಡಿದ್ದೀರಿ ಎಂದು ಕೇಳಿದೆ. ರೇಷ್ಮೆ ಹುಳು ನಾಲ್ಕನೇ ಜ್ವರ (ಕೊನೆಯ ಸಲ ಪೊರೆ ಬಿಡುವ ನಿದ್ದೆ) ಎದ್ದ ಮೇಲೆ, ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವವರೆಗೆ ಮನೆಮಂದಿಗೆಲ್ಲ ಸೊಪ್ಪಿನ ಕೆಲಸ ಬಿಟ್ಟು ಬೇರೇನೂ ತೋಚುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆ ದಿನಗಳಲ್ಲಿ ಪುಸ್ತಕ ತಡವಾದರೆ ಯಾವ ದಂಡವೂ ಇಲ್ಲ. ಮೊನ್ನೆ ವಾಪಸಾದ ಒಂದು ಪುಸ್ತಕದ ನಡುವೆ ಗುರುತಿಗೆಂದು ಇಟ್ಟಿದ್ದ ಹಿಪ್ಪುನೇರಳೆ ಎಲೆ ಒಣಗಿ ಪುಟದ ಮೇಲೆ ಹಸಿರು ಕಲೆ ಮಾಡಿತ್ತು, ಬೆನ್ನಿಗೆ ಗೂಡಿನ ಎಳೆ ಮೆತ್ತಿಕೊಂಡಿತ್ತು. ದಯವಿಟ್ಟು ಅಂಥ ಕಲೆಗಳನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಕಾಗದ ಹರಿಯುತ್ತದೆ, ಹಾಗೆಯೇ ಕಳಿಸಿಕೊಡಿ. ಪುಟ ಬಿಚ್ಚಿಕೊಂಡಿದ್ದರೆ ಏಳನೇ ತರಗತಿಯವರು ಗೋಂದು ಹಚ್ಚಿ, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಕಟ್ಟುತ್ತಾರೆ. ಮನೆಯಲ್ಲಿ ಹಳೆಯ ಕ್ಯಾಲೆಂಡರುಗಳಿದ್ದರೆ ಅವನ್ನೂ ಕಳಿಸಿ.

ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಆ ವಾರದ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಕ್ಕಳು ತಾವು ಅತಿ ಹೆಚ್ಚು ಸಲ ಓದಿದ ಪುಸ್ತಕದಿಂದ ಒಂದೊಂದು ಪುಟವನ್ನು ನಿಮ್ಮ ಮುಂದೆ ಓದುತ್ತಾರೆ. ಅಜ್ಜ ಅಜ್ಜಿಯರನ್ನೂ ಕರೆತನ್ನಿ. ಜಗಲಿಯಲ್ಲಿ ಜಾಗ ಕಡಿಮೆ ಇರುವುದರಿಂದ ಕೂರಲು ಒಂದು ಚಾಪೆಯನ್ನು ಮನೆಯಿಂದಲೇ ತಂದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ